ರೂಟರಿನ ಬೆನ್ನಲ್ಲೊಂದು ಸಣ್ಣ ತೂತು

ರೂಟರಿಗೆ ಸೊಸೆಯ ಒಂದು ಜೊತೆ ಓಲೆ ಹೋಯಿತು. ತಂತಿ ಎಳೆಸುವುದಕ್ಕೆ ಅವಳ ಉಳಿತಾಯದ ಡಬ್ಬಿ ಬರಿದಾಯಿತು. ಹೆಡ್‌ಫೋನನ್ನು ಅತ್ತೆ ತಮ್ಮ ಪಿಂಚಣಿಯಲ್ಲಿ ಕೊಡಿಸಿದರು. ಇಷ್ಟೆಲ್ಲ ಆದಮೇಲೂ ಬುಧವಾರ ಬೆಳಿಗ್ಗೆ ರೂಟರು ಸತ್ತು ಬಿದ್ದಿತ್ತು.

"ಅತ್ತೆ, ಮತ್ತೆ ಕೆಂಪು ದೀಪ," ಎಂದಳು ಸೊಸೆ.

ಸೋಮವಾರವೂ ಹೀಗೇ, ಮಂಗಳವಾರವೂ ಹೀಗೇ. ಸಂಜೆ ಸರಿಮಾಡಿದ್ದು ಬೆಳಿಗ್ಗೆಗೆ ಹಾಳು. ಮನೆಯಲ್ಲೇ ಕುಳಿತು ಗ್ರಾಹಕರ ಕರೆಗಳಿಗೆ ಉತ್ತರಿಸುವ ಹೊಸ ಕೆಲಸ ಅವಳದು. ಎರಡು ದಿನ ಹಾಜರಿ ತಪ್ಪಿತ್ತು. ಇಂದು ಮಧ್ಯಾಹ್ನದೊಳಗೆ ಕೂರದಿದ್ದರೆ ಕೆಲಸವಿಲ್ಲ ಎಂದು ಮೇಲಧಿಕಾರಿ ಹೇಳಿಬಿಟ್ಟಿದ್ದಳು.

ಸೊಸೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಳು.

"ಆಫ್ ಮಾಡಿ ಆನ್ ಮಾಡಿದ್ರಾ ಮೇಡಂ?"

"ಮಾಡಿ ಮಾಡಿ ಸ್ವಿಚ್ಚೇ ಸವೆದೋಯ್ತು."

"ಸೆಟ್ಟಿಂಗ್ ಎಲ್ಲ ಅಳಿಸಿಹೋಗಿದೆ. ಸಂಜೆ ಹೊಸದಾಗಿ ಕಳಿಸ್ತೀವಿ."

ಸಂಜೆ. ಆಗ ಕೆಲಸ ಬೇರೆಯವರ ಪಾಲಾಗಿರುತ್ತದೆ.

* * *

ಅತ್ತೆ ಹೆಂಗಸರ ಜೈಲಿನಲ್ಲಿ ವಾರ್ಡರ್ ಆಗಿದ್ದವರು. ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟದ್ದನ್ನು ಹುಡುಕಿಯೇ ಕೂದಲು ಬೆಳ್ಳಗಾಗಿತ್ತು.

"ಕರೆಂಟ್ ಹೋದ್ರೆ ಸೆಟ್ಟಿಂಗ್ ಅಳಿಸಿಹೋಗುತ್ತೇನೇ?"

"ಇಲ್ಲ ಅತ್ತೆ. ಹಿಂದಗಡೆ ತೂತಿದೆಯಲ್ಲ, ಅದಕ್ಕೆ ಪಿನ್ನು ಹಾಕಿ ಒತ್ತಿ ಹಿಡೀಬೇಕು. ವೈಫೈಗೆ ನಾನಿಟ್ಟಿದ್ದ ಹೆಸರೂ ಹೋಗಿದೆ ನೋಡಿ."

"ಹಾಗಾದ್ರೆ ಇದು ತಾನಾಗಿ ಸತ್ತಿದ್ದಲ್ಲ."

ಅತ್ತೆ ಮೇಜಿನ ಕೆಳಗೆ ಕೈಯಾಡಿಸಿದರು. ಬೆರಳಿಗೆ ಒಂದು ಗುಂಡುಸೂಜಿ ಚುಚ್ಚಿತು. ಅದರ ತುದಿ ಬಾಗಿತ್ತು.

ಮಹಡಿಯ ಮೇಲಿನ ದರ್ಜಿ ನೆನಪಾದ. ವೈಫೈ ಪಾಸ್‌ವರ್ಡ್ ಕೇಳಿ ಬೈಸಿಕೊಂಡಿದ್ದವನು. ನಿನ್ನೆ ರಾತ್ರಿ ಬಟ್ಟೆ ಕೊಡಲು ಬಂದೂ ಇದ್ದ.

* * *

"ಅಮ್ಮಾವ್ರೇ, ನನ್ನ ಮೇಲೆ ಅನುಮಾನವಾ?" ದರ್ಜಿ ಸೂಜಿಗಳ ಡಬ್ಬಿ ತೆರೆದ. ಎಲ್ಲಕ್ಕೂ ಬಣ್ಣದ ಮಣಿ ತಲೆ. "ಇಂಥ ಬೋಳುತಲೆಯದು ನಾನು ಇಟ್ಕೊಳ್ಳಲ್ಲ, ಬಟ್ಟೆಯೊಳಗೆ ಸೇರಿದ್ರೆ ಕಣ್ಣಿಗೇ ಬೀಳಲ್ಲ. ಅದೂ ಅಲ್ದೆ, ನಾನು ವಾಪಸ್ ಹೊರಟಾಗ ನಿಮ್ಮ ಮಗ ರೂಟರ್ ಮುಂದೆ ಕೂತು ಆರಾಮಾಗಿ ವಿಡಿಯೋ ನೋಡ್ತಿದ್ರಲ್ಲ."

ಅಂದರೆ ಅವನು ಹೋಗುವಾಗ ರೂಟರಿಗೆ ಜೀವವಿತ್ತು. ಆಮೇಲೆ ಬಾಗಿಲು ಹಾಕಿದವರು ಅತ್ತೆಯೇ. ಒಳಗಿದ್ದವರು ಮೂವರು.

ಅತ್ತೆ ಮೆಟ್ಟಿಲಿಳಿದರು. ಉತ್ತರ ಗೊತ್ತಾಗಿತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

* * *

ಮಗ ಕೆಲಸಕ್ಕೆ ಹೊರಟು ನಿಂತಿದ್ದ. ಸಿದ್ಧ ಉಡುಪಿನ ಅಂಗಡಿಯಲ್ಲಿ ಶರ್ಟು ಬಿಚ್ಚಿ ತೋರಿಸುವುದು, ಮತ್ತೆ ಮಡಿಸಿಡುವುದು ಅವನ ಕೆಲಸ.

"ಇಲ್ಲಿ ಬಾರೋ." ಅತ್ತೆ ಅವನ ಕಾಲರನ್ನು ಮಗುಚಿದರು. ಒಳಮಗ್ಗುಲಲ್ಲಿ ಬೋಳುತಲೆಯ ಗುಂಡುಸೂಜಿಗಳ ಸಾಲು.

"ಅಮ್ಮ, ಅಂಗಡೀಲಿ ಎಲ್ರೂ ಹೀಗೇ ಸಿಕ್ಕಿಸ್ಕೋತೀವಿ."

"ಗೊತ್ತಪ್ಪ. ಹೊಸ ಶರ್ಟಿಂದ ತೆಗೆದ ಸೂಜಿ ಇಂಥದೇ. ದರ್ಜಿ ಹತ್ರ ಇಲ್ಲ, ಇವಳ ಹತ್ರ ಇಲ್ಲ. ರೂಟರ್ ಕೆಳಗೆ ಮಾತ್ರ ಒಂದು ಸಿಕ್ತು." ಬಾಗಿದ ಸೂಜಿಯನ್ನು ಅವನ ಅಂಗೈಗೆ ಹಾಕಿದರು. "ದರ್ಜಿ ಹೋದ್ಮೇಲೆ ಅದರ ಮುಂದೆ ಕೂತಿದ್ದವನು ನೀನೊಬ್ಬನೇ."

ಮಗ ಸೊಸೆಯ ಕಡೆ ನೋಡಲಿಲ್ಲ. "ಮೊದಲನೇ ಸಂಬಳಕ್ಕೆ ಬೇರೆ ಕೋಣೆ ಹಿಡೀತೀನಿ ಅಂದ್ಲಮ್ಮ. ಹೋಗ್ಬಿಡ್ತಾಳೆ."

"ನಂಗೂ ಹೇಳಿದ್ಲು. ಹೆಡ್‌ಫೋನ್ ಸುಮ್ನೆ ಕೊಡಿಸಿದ್ನೇನೋ? ನಿನ್ನ ಕೈಯೇಟು ತಿಂದವಳನ್ನ ಯಾವ ಬಾಯಲ್ಲಿ ಇರು ಅನ್ನಲಿ?"

ಸೊಸೆ ಆಗಲೇ ಮೇಲಧಿಕಾರಿಗೆ ಫೋನ್ ಮಾಡುತ್ತಿದ್ದಳು. ಈಗ ಸಾಕ್ಷಿ ಇತ್ತು. ತಪ್ಪು ತನ್ನದಲ್ಲ, ಬೇಕೆಂದೇ ಹಾಳುಮಾಡಿದ್ದು ಗಂಡ, ಇನ್ನೊಂದು ದಿನ ಕೊಡಿ ಎಂದು ಕೇಳಿಕೊಂಡಳು.

ಆ ಕಡೆಯ ದನಿ ಮೆತ್ತಗೇ ಇತ್ತು. "ಅಯ್ಯೋ ಪಾಪ. ಆದ್ರೆ ಮನೆಯವರೇ ಬಿಡಲ್ಲ ಅಂದ್ಮೇಲೆ ಮನೆಯಿಂದ ಕೆಲಸ ಹೇಗಮ್ಮ ಕೊಡೋದು? ಇವತ್ತು ರೂಟರ್, ನಾಳೆ ಇನ್ನೊಂದು."

ಸೊಸೆ ಹೆಡ್‌ಫೋನ್ ತೆಗೆದು ಅದರ ತಂತಿಯನ್ನು ನೀಟಾಗಿ ಸುತ್ತಿಟ್ಟಳು. ಅತ್ತೆ ಹಿಡಿದುಕೊಟ್ಟ ಸಾಕ್ಷಿಯೇ ಅವಳ ಕೆಲಸವನ್ನು ನುಂಗಿತ್ತು.

ಸಂಜೆ ಕಂಪನಿಯವರು ಹೇಳಿದಂತೆ ಸೆಟ್ಟಿಂಗ್ ಕಳಿಸಿದರು. ಈ ಸಲ ಮಗನೇ ಕೂತು ಸರಿಮಾಡಿದ. ಮರುದಿನ ಬೆಳಿಗ್ಗೆಯೂ ದೀಪ ಹಸಿರಾಗೇ ಇತ್ತು.

ಓಲೆ ಹೋಯಿತು, ಕೆಲಸ ಹೋಯಿತು, ಕೋಣೆಯ ಮಾತೂ ಅಲ್ಲಿಗೇ ನಿಂತಿತು. ಮನೆಗೆ ಇಂಟರ್ನೆಟ್ ಬಂತು.