ನಲವತ್ತರ ಮೇಲೆ ಹೋಗಬಾರದು

"ಎಂಜಿನ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದೀನಿ. ನಲವತ್ತರ ಮೇಲೆ ಓಡಿಸೋ ಹಾಗಿಲ್ಲ," ಎಂದೆ.

ಅವನು ಒಮ್ಮೆ ಗಾಡಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಕೇಳಿದ, "ಓಡಿಸಿದ್ರೆ ಏನಾಗುತ್ತೆ ಮೇಸ್ತ್ರಿ?"

"ಜಾಮ್ ಆಗುತ್ತೆ. ಆಮೇಲೆ ನೀನೇ ತಳ್ಳಬೇಕು."

"ಹಾಗಾದ್ರೆ ನಲವತ್ತರಲ್ಲೇ ಹೋಗೋಣ ಬಿಡು," ಎಂದು ಹಿಂದೆ ಹತ್ತಿ ಕೂತ.

ಹೊಸ ಪಿಸ್ಟನ್ ಇರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಹಾಕಿದ್ದೇ ಇನ್ನೂ ಇತ್ತು. ಎಂಬತ್ತಕ್ಕೆ ಏರಿಸಿದರೂ ಅದು ತಕರಾರು ಮಾಡುತ್ತಿರಲಿಲ್ಲ. ಆದರೆ ಸಂಜೆಯ ಟ್ರೈನಿಗೆ ಅವನು ಹೋಗುವವನಿದ್ದ. ಬೆಟ್ಟದ ಮೇಲಿನ ಅಣೆಕಟ್ಟಿನವರೆಗೆ ಹೋಗಿ ನಲವತ್ತರಲ್ಲಿ ತಿರುಗಿ ಬಂದರೆ ಆ ಟ್ರೈನು ಸಿಗುವುದಿಲ್ಲ. ಲೆಕ್ಕ ಹಾಕಿಯೇ ಸುಳ್ಳು ಹೇಳಿದ್ದೆ.

ಅವನು ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವವನು. ನಾನು ಕರೆಯುವುದೂ ಸೆಟ್ಟು ಎಂದೇ. ಇಲ್ಲಿ ಅವನಿದ್ದ ಲ್ಯಾಬು ಮುಚ್ಚಿತು. ದೂರದ ಊರಿನ ಲ್ಯಾಬ್ ಯಜಮಾನರೊಬ್ಬರಿಗೆ ಒಬ್ಬ ಕೆಲಸಗಾರ ಬೇಕಿತ್ತು, ಮಗಳಿಗೊಬ್ಬ ಗಂಡನೂ ಬೇಕಿತ್ತು. ಅವನ ಭಾವ ಫೋನಿನಲ್ಲೇ ಎರಡನ್ನೂ ಕುದುರಿಸಿದ್ದರು. ಟ್ರೈನು ಹತ್ತಿದರೆ ಎರಡಕ್ಕೂ ಒಪ್ಪಿದ ಹಾಗೆ. ಹತ್ತದಿದ್ದರೆ ನಾಳೆ ಆ ಜಾಗಕ್ಕೆ ಬೇರೊಬ್ಬ ಬರುತ್ತಾನೆ.

"ಹೋಗೋಕೆ ಮುಂಚೆ ಒಂದು ದಿನ ಸುತ್ತಾಡೋಣ" ಎಂದಿದ್ದು ಅವನೇ. ಹಾಗೆ ಹೇಳುವಾಗ ಗ್ಯಾರೇಜಿನ ಟೈರಿನ ಮೇಲೆ ಕೂತು ನಟ್ಟೊಂದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿ ತೆಗೆಯುತ್ತಿದ್ದ. ಕಾಲೇಜು ತಪ್ಪಿಸಿ ಬಂದು ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಕಾಲದಿಂದಲೂ ಅವನ ಜಾಗ ಆ ಟೈರೇ. ಅಪ್ಪ ಕೂಗಿ ಹೇಳುತ್ತಿದ್ದ ಗ್ಯಾರೇಜಿನ ಕಾನೂನುಗಳೆಲ್ಲ ನನಗಿಂತ ಮೊದಲು ಅವನಿಗೆ ಬಾಯಿಪಾಠವಾಗಿದ್ದವು. ಈಗಲೂ ಗಿರಾಕಿಗಳು ಬಂದು "ಮೇಸ್ತ್ರಿ ಇಲ್ವೇನಮ್ಮಾ?" ಎಂದು ಕೇಳುತ್ತಾರೆ. "ನಿಮ್ಮ ಮುಂದೆ ಎಣ್ಣೆ ಮೆತ್ತಿಕೊಂಡು ನಿಂತಿರೋದು ಯಾರು ಅಂದ್ಕೊಂಡ್ರಿ?" ಎಂದು ಅವರನ್ನು ಬಯ್ಯುವವನು ಇವನೊಬ್ಬನೇ.

ಊರು ದಾಟಿದೆವು. ಹಳೇ ಮೊಪೆಡ್ಡಿನವನೊಬ್ಬ ಸ್ವಲ್ಪ ದೂರ ನಮ್ಮ ಪಕ್ಕದಲ್ಲೇ ಬಂದು, ಕನಿಕರದಿಂದ ನೋಡಿ ಮುಂದೆ ಹೋದ.

"ಎಳೇ ಮಗೂನ ಮಲಗಿಸಿಕೊಂಡು ಹೋಗ್ತಿರೋ ಹಾಗಿದೆ," ಎಂದ ಸೆಟ್ಟು.

"ಬಾಯಿ ಮುಚ್ಕೊಂಡು ಹಸಿರು ನೋಡು."

ಒಂದು ಕನ್ನಡಿಯನ್ನು ರಸ್ತೆಗೆ ತಿರುಗಿಸಿದ್ದೆ, ಇನ್ನೊಂದನ್ನು ಅವನ ಮುಖಕ್ಕೆ. ಅವನು ಹಸಿರು ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ನನ್ನ ಕಣ್ಣು ಸಿಕ್ಕಿದ ಕೂಡಲೇ ಹುಬ್ಬು ಹಾರಿಸಿದ. ನಾನು ರಸ್ತೆ ನೋಡಿದೆ. ಮತ್ತೆ ಕನ್ನಡಿ ನೋಡಿದೆ. ಅವನು ಅಲ್ಲೇ ಕಾಯುತ್ತಿದ್ದ.

ಏರು ಶುರುವಾಯಿತು. ಹುಲ್ಲಿನ ಗುಡ್ಡದ ಮೇಲೆ ಮೋಡದ ನೆರಳೊಂದು ನಮ್ಮಷ್ಟೇ ನಿಧಾನವಾಗಿ ಹತ್ತುತ್ತಿತ್ತು. ತಿರುವುಗಳಲ್ಲಿ ಅವನು ನನ್ನ ಜೊತೆಗೇ ಬಾಗುತ್ತಿದ್ದ. ಪ್ರತಿ ತಿರುವಿಗೂ ಈಗ ಹೇಳುತ್ತೇನೆ ಎಂದುಕೊಂಡೆ. ತಿರುವು ಮುಗಿಯುತ್ತಿತ್ತು, ನಾನು ಗೇರ್ ಬದಲಿಸುತ್ತಿದ್ದೆ. ಕೆಟ್ಟ ಎಂಜಿನ್ನಿನ ಮುಂದೆ ಇಡೀ ದಿನ ಕೂತು ಮಾತಾಡಿಸಬಲ್ಲೆ. ಇದೊಂದು ಮಾತು ಬರಲಿಲ್ಲ.

ಅಣೆಕಟ್ಟಿನ ಗೋಡೆಯ ಮೇಲೆ ಕೂತು ಟೀ ಕುಡಿದೆವು. ಕೆಳಗೆ ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ನಾನು ಏನಕ್ಕೋ ನಕ್ಕೆ. ಅವನು ನನ್ನ ಬಾಯನ್ನೇ ನೋಡಿದ.

"ಏನೋ ಅದು, ಸಂತೆಯಲ್ಲಿ ದನ ನೋಡೋ ಹಾಗೆ?"

"ನಿನ್ನ ಮುಂದಿನ ಹಲ್ಲು ಒಂದು ಓರೆ ಇದೆ."

"ಸರಿ ಮಾಡ್ಕೊಡು."

"ಇಲ್ಲ. ಬೇರೆಯವರದ್ದಾದ್ರೆ ಮಾಡ್ತಿದ್ದೆ."

ಟೀ ಲೋಟವನ್ನು ಗೋಡೆಯ ಮೇಲಿಟ್ಟೆ. ಈಗಲೇ, ಎಂದುಕೊಂಡೆ. ಅಷ್ಟರಲ್ಲಿ ಅವನು ಬಿಸ್ಕೆಟ್ಟಿಗೆಂದು ಬೆನ್ನಿನ ಬ್ಯಾಗು ತೆರೆದ. ಮೇಲೆಯೇ ಎರಡು ಬಿಳಿ ಕೋಟುಗಳಿದ್ದವು. ಅಂಗಡಿಯಲ್ಲಿಟ್ಟ ಹಾಗೆ ಮಡಿಸಿದ್ದವು, ಒಂದು ಸುಕ್ಕಿರಲಿಲ್ಲ.

"ಅಕ್ಕ ಇಸ್ತ್ರಿ ಮಾಡಿದ್ದು," ಎಂದ. "ನಾಳೆ ಹಾಕ್ಕೊಂಡು ಫೋಟೋ ಕಳಿಸಬೇಕಂತೆ. ಭಾವ ಇನ್ಮೇಲಾದ್ರೂ ಊಟದ ಹೊತ್ತಲ್ಲಿ ನನಗೆ ಚುಚ್ಚಿ ಮಾತಾಡೋದು ನಿಲ್ಲಿಸ್ತಾರೆ ಅಂದ್ಲು."

ಆ ಮಡಿಕೆಗಳನ್ನೇ ನೋಡಿದೆ. ನಾನು ಕದಿಯುತ್ತಿದ್ದದ್ದು ಅವನ ಟ್ರೈನನ್ನು ಮಾತ್ರವಲ್ಲ. ಅವನಿಗೆ ತಿಳಿಯದ ಹಾಗೆ ಅವನ ಬದುಕನ್ನು ತಪ್ಪಿಸಿ, ಆಮೇಲೆ ಪಕ್ಕದಲ್ಲಿ ನಿಂತು "ಅಯ್ಯೋ ಪಾಪ" ಎನ್ನುವವಳಿದ್ದೆ.

"ಏಳು," ಎಂದೆ.

"ಇಷ್ಟು ಬೇಗ? ಟೀ ಇನ್ನೂ..."

"ಏಳೋ."

ಇಳಿಜಾರಿನಲ್ಲಿ ಕೈ ತಿರುಗಿಸಿದೆ. ಐವತ್ತು, ಅರವತ್ತು. ಕೆಳಗಿನ ನೇರ ರಸ್ತೆಗೆ ಬಂದಾಗ ಎಂಬತ್ತು. ಅವನು ಬೆನ್ನು ತಟ್ಟಿ ಕೂಗಿದ, "ಮೇಸ್ತ್ರಿ, ಪಿಸ್ಟನ್."

"ಏನೂ ಆಗಲ್ಲ."

ಕನ್ನಡಿಯಲ್ಲಿ ಅವನ ಮುಖ ಕಪ್ಪಿಟ್ಟಿತು. ಆಮೇಲೆ ಅವನು ಕನ್ನಡಿಯ ಕಡೆ ನೋಡಲೇ ಇಲ್ಲ. ನನ್ನ ಜಾಕೆಟ್ಟು ಬಿಟ್ಟು ಹಿಂದಿನ ಕಂಬಿ ಹಿಡಿದುಕೊಂಡ. ಬೆಳಗಿನಿಂದ ಬೆಚ್ಚಗಿದ್ದ ಬೆನ್ನಿಗೆ ಗಾಳಿ ಹೊಡೆಯಿತು. ಎಲ್ಲ ಗೊತ್ತಾಗಿ ಹೇಸಿಕೊಂಡ ಎಂದುಕೊಂಡೆ. ಕಣ್ಣು ಒದ್ದೆಯಾಗಿದ್ದಕ್ಕೆ ಗಾಳಿಯ ನೆಪವಿತ್ತು.

ನಿಲ್ದಾಣದ ಬೇಲಿಯ ಪಕ್ಕ ಗಾಡಿಯನ್ನು ಊರಿನ ಕಡೆ ತಿರುಗಿಸಿ ನಿಲ್ಲಿಸಿದೆ. ಅವನು ಇಳಿದ ಕೂಡಲೇ ನಾನು ಹಿಂತಿರುಗಿ ನೋಡದೆ ಹೊರಟುಬಿಡಬೇಕು ಎಂದುಕೊಂಡಿದ್ದೆ. ರಸ್ತೆಗೆ ತಿರುಗಿಸಿದ್ದ ಕನ್ನಡಿಯಲ್ಲಿ ಟ್ರೈನು ನಿಂತಿರುವುದು ಕಾಣುತ್ತಿತ್ತು.

"ಇಳಿ. ಟ್ರೈನ್ ಸಿಕ್ತು."

ಅವನು ಇಳಿಯಲಿಲ್ಲ.

"ಹೊಸ ಪಿಸ್ಟನ್ ಹಾಕಿಲ್ಲ ಕಣೋ," ಎಂದೆ. "ಟ್ರೈನ್ ತಪ್ಪಿಸೋಕೆ ಹೇಳಿದ್ದು."

"ಗೊತ್ತು."

"ಇಳಿಜಾರಲ್ಲಿ ಗೊತ್ತಾಯ್ತಾ?"

"ಬೆಳಿಗ್ಗೆ, ಹತ್ತಿ ಕೂರೋ ಮುಂಚೆ. ಹೊಸ ಪಿಸ್ಟನ್ ಗಾಡಿ ಮೇಲೆ ಇಬ್ಬರು ಕೂರಬಾರದು, ಬೆಟ್ಟ ಹತ್ತಿಸಬಾರದು. ನಿಮ್ಮಪ್ಪ ನನ್ನ ತಲೆ ಮೇಲೆ ಮೊಟಕಿ ಮೊಟಕಿ ಕಲಿಸಿದ್ದು. ಮೇಸ್ತ್ರಿ ನೀನು, ನಿನಗೇ ಮರೆತುಹೋಯ್ತಾ?"

ನನಗೆ ನಿಜಕ್ಕೂ ಮರೆತೇಹೋಗಿತ್ತು. ರಾತ್ರಿಯಿಡೀ ನಿದ್ದೆಗೆಟ್ಟು ಕಟ್ಟಿದ ಸುಳ್ಳಿನಲ್ಲಿ ಗ್ಯಾರೇಜಿನ ಮೊದಲ ಪಾಠವೇ ಬಿಟ್ಟುಹೋಗಿತ್ತು.

"ಗೊತ್ತಿದ್ದೂ ಯಾಕೆ ಕೂತೆ?"

"ಸದ್ಯ, ನನ್ನನ್ನ ತಡೆಯೋರು ಒಬ್ಬರಿದ್ದಾರೆ ಅಂತ ಕೂತೆ. ಇಡೀ ದಿನ ಗಡಿಯಾರ ನೋಡಲಿಲ್ಲ." ಅವನು ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿದ. "ಆಮೇಲೆ ನೀನು ಎಂಬತ್ತರಲ್ಲಿ ಬಂದೆ. ಮನಸ್ಸು ಬದಲಾಯಿಸಿದ್ಲು, ಬೇಗ ಸಾಗಹಾಕ್ತಿದಾಳೆ ಅಂದ್ಕೊಂಡೆ."

"ಆ ಕೋಟು ನೋಡಿದ ಮೇಲೆ ನನ್ನ ಕೈಲಿ ಆಗಲಿಲ್ಲ."

"ನಾನು ಬೇಕಾ, ಬೇಡ್ವಾ? ಅದಷ್ಟೇ ಹೇಳು."

"ಬೇಕು," ಎಂದೆ. "ಬೇಕು ಕಣೋ. ಹೇಳೋಕೆ ಬರಲಿಲ್ಲ. ಗಾಡಿ ನಿಧಾನ ಮಾಡೋದೊಂದು ಬರ್ತಿತ್ತು, ಅದು ಮಾಡಿದೆ."

ಅವನ ಫೋನು ಬಡಿದುಕೊಂಡಿತು. ಹೆಲ್ಮೆಟ್ಟನ್ನು ಹಣೆಗೆ ಸರಿಸಿ ಕಿವಿಗಿಟ್ಟುಕೊಂಡ.

"ಅಕ್ಕ," ಎಂದ. "ಟ್ರೈನ್ ಹೋಯ್ತು."

ಟ್ರೈನು ಬಾಗಿಲುಗಳೆಲ್ಲ ತೆರೆದುಕೊಂಡು ಕನ್ನಡಿಯಲ್ಲಿ ನಿಂತೇ ಇತ್ತು.

"ಇಲ್ಲ ಅಕ್ಕ, ಬೇಗನೇ ಹೊರಟಿದ್ದೆ. ಗಾಡಿಗೆ ಹೊಸ ಪಿಸ್ಟನ್ ಹಾಕಿತ್ತು. ನಲವತ್ತರ ಮೇಲೆ ಹೋಗೋ ಹಾಗಿರಲಿಲ್ಲ."

ಅದೇ ಹೊತ್ತಿಗೆ ಟ್ರೈನು ಉದ್ದಕ್ಕೆ ಹಾರ್ನ್ ಹೊಡೆಯಿತು. ಇಬ್ಬರೂ ಕಲ್ಲಾದೆವು.

"ಅದು ಬೇರೆ ಟ್ರೈನು," ಎಂದ. ನಂತರ ತಗ್ಗಿದ ದನಿಯಲ್ಲಿ, "ಗಾಡಿ ಮೇಸ್ತ್ರಿದು."

ಆ ಕಡೆಯಿಂದ ಅಕ್ಕ ಹೇಳಿದ್ದು ನನಗೂ ಕೇಳಿಸಿತು. "ಭಾವನಿಗೆ ನಾನು ಹೇಳಲ್ಲ. ನೀನೇ ಬಂದು ಹೇಳು. ಅವಳನ್ನೂ ಕರ್ಕೊಂಡು ಬಾ."

ಹಾರ್ನ್ ಹೊಡೆದ ಟ್ರೈನು ಹೊರಡಲಿಲ್ಲ. ಓಡಿದರೆ ಈಗಲೂ ಸಿಗುತ್ತಿತ್ತು. ನಾಳೆಯಿಂದ ಅವನಿಗೆ ಕೆಲಸವಿಲ್ಲ, ನನ್ನ ಗ್ಯಾರೇಜಿನಲ್ಲಿ ಒಬ್ಬಳ ಹೊಟ್ಟೆ ತುಂಬುವುದೇ ಕಷ್ಟ. ಇಷ್ಟೆಲ್ಲ ಯೋಚಿಸಲು ಆ ದರಿದ್ರ ಟ್ರೈನು ಪುರಸೊತ್ತು ಕೊಡುತ್ತಿತ್ತು. ಹೋಗು, ತೊಲಗು, ಎಂದು ಒಳಗೊಳಗೇ ಬೇಡಿಕೊಂಡೆ. ಅವನ ಎರಡೂ ಕೈ ನನ್ನ ಜಾಕೆಟ್ಟನ್ನು ಮುಷ್ಟಿ ಕಟ್ಟಿ ಹಿಡಿದಿದ್ದವು, ಹಿಡಿಯದಿದ್ದರೆ ಯಾರೋ ಎಳೆದು ಇಳಿಸುತ್ತಾರೆ ಎನ್ನುವ ಹಾಗೆ.

ಕೊನೆಗೆ ಕನ್ನಡಿಯಲ್ಲಿ ಬೋಗಿಗಳು ಒಂದರ ಹಿಂದೊಂದು ಜಾರಿದವು. ಬರಿ ಬೇಲಿ ಉಳಿಯಿತು. ಇನ್ನೊಂದು ಕನ್ನಡಿಯಲ್ಲಿ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

"ಹೋಯ್ತಾ?"

"ಹೋಯ್ತು."

"ನಿಜ ಹೇಳು."

"ಈ ಸಲ ನಿಜ."

ಕಿಕ್ ಹೊಡೆದೆ. ಅವನ ಹೆಲ್ಮೆಟ್ಟು ನನ್ನ ಭುಜಕ್ಕೆ ತಾಗಿತು.

"ಭಾವನ ಹತ್ರ ತಾನೇ?" ಎಂದ. "ನಲವತ್ತರ ಮೇಲೆ ಹೋಗಬೇಡ ಮೇಸ್ತ್ರಿ."