ಆಪರೇಷನ್ನಿಗೆ ಮುಂಚೆ ಕೇಳಿದ ಪ್ರಶ್ನೆ

"ನಮ್ಮ ಮನೇಲಿ ಮಾತ್ರೆ ನುಂಗೋ ಅಭ್ಯಾಸ ಯಾರಿಗೂ ಇಲ್ಲ, ಡಾಕ್ಟ್ರೇ!"

ಪ್ರಶ್ನೆ ಕೇಳಿದ್ದು ಹಾಸಿಗೆಯ ಮೇಲಿದ್ದ ಸೊಸೆಯನ್ನು. ಉತ್ತರ ಬಂದದ್ದು ಅತ್ತೆಯ ಬಾಯಿಂದ. ಶಾಲೆಯ ಮುಖ್ಯೋಪಾಧ್ಯಾಯಿನಿ ಕೆಲಸದಿಂದ ನಿವೃತ್ತಿಯಾಗಿ ಆರು ವರ್ಷವಾದರೂ ಮನೆಮಂದಿ ಬೆನ್ನ ಹಿಂದೆ ಅವರನ್ನು ಹೆಡ್‌ಮಿಸ್ ಎಂದೇ ಕರೆಯುತ್ತಿದ್ದರು. ಪಾತ್ರೆ ತೊಳೆದದ್ದು ಸರಿಯಿಲ್ಲ, ನಕ್ಕದ್ದು ಜಾಸ್ತಿಯಾಯಿತು, ತವರಿಗೆ ಮಾಡಿದ ಫೋನು ಉದ್ದವಾಯಿತು... ನಾಲ್ಕು ವರ್ಷದಿಂದ ಸೊಸೆಗೆ ದಿನವೂ ಪರೀಕ್ಷೆ, ಒಮ್ಮೆಯೂ ಪಾಸಿಲ್ಲ!

ಅರಿವಳಿಕೆ ಕೊಡುವ ಡಾಕ್ಟರು ಸೊಸೆಯ ಕಡೆಗೇ ತಿರುಗಿದರು. "ಪಿತ್ತಕೋಶದ ಆಪರೇಷನ್‌ಗೆ ಮುಂಚೆ ಭಯ ಇಳಿಯೋಕೆ ಒಂದು ಇಂಜೆಕ್ಷನ್, ಆಮೇಲಿನ ನೋವು ಕಮ್ಮಿ ಆಗೋಕೆ ಒಂದು ಮಾತ್ರೆ ಕೊಡ್ತೀವಮ್ಮ. ನಿದ್ದೆ ಮಾತ್ರೆ ಏನಾದ್ರೂ ತಗೊಂಡಿದ್ರೆ ಈಗಲೇ ಹೇಳ್ಬಿಡಿ. ಅದರ ಮೇಲೆ ಈ ಇಂಜೆಕ್ಷನ್ನೂ ಸೇರಿದ್ರೆ ಉಸಿರಾಟಕ್ಕೇ ತೊಂದರೆ ಆಗ್ಬಹುದು."

ಸೊಸೆಯ ಕಣ್ಣು ಬಾಗಿಲ ಬಳಿ ನಿಂತಿದ್ದ ಗಂಡನ ಮೇಲೆ, ಅಲ್ಲಿಂದ ಅತ್ತೆಯ ಮೇಲೆ ಹೋಯಿತು. ಬೆಳಿಗ್ಗೆ ಹೆದರಿಕೆ ತಾಳಲಾರದೆ ಎರಡು ಮಾತ್ರೆ ನುಂಗಿದ್ದಳು. ಹೇಳಿದರೆ... ಮೂರು ವರ್ಷದಿಂದ ಅದಿಲ್ಲದೆ ನಿದ್ದೆಯಿಲ್ಲವೆಂಬುದೂ ಹೊರಬೀಳುತ್ತದೆ. ಯಾಕೆ ಎಂದು ಗಂಡ ಕೇಳುತ್ತಾನೆ. ಆಮೇಲೆ ಆ ಮನೆಯಲ್ಲಿ ಬಾಳುವುದು ಹೇಗೆ!

"ಇಲ್ಲ," ಎಂದಳು.

ನರ್ಸ್ ಸಿರಿಂಜ್ ಎತ್ತಿಕೊಂಡಳು.

"ತಡೀರಿ!" ಹೆಡ್‌ಮಿಸ್ ಕೂಗಿಗೆ ಪಕ್ಕದ ಹಾಸಿಗೆಯವರೂ ಎದ್ದು ಕೂತರು. "ಇಬ್ರೂ ಸುಳ್ಳು ಹೇಳಿದ್ವಿ. ಬೆಳಿಗ್ಗೆ ಎರಡು ನುಂಗಿದ್ದನ್ನ ನಾನೇ ನೋಡ್ದೆ. ದಿನಾ ನುಂಗ್ತಾಳೆ... ಕಸದಲ್ಲಿ ಖಾಲಿ ಸ್ಟ್ರಿಪ್ಪು ನೋಡ್ತಾನೇ ಇದ್ದೀನಿ, ಮೂರು ವರ್ಷ ಆಯ್ತು."

"ಅಮ್ಮಾ! ಗೊತ್ತಿದ್ದೂ ಸುಮ್ನಿದ್ದೆಯಾ?"

"ಕೇಳಿದ್ರೆ ಯಾಕೆ ಅಂತ ಹೇಳ್ಬಿಡ್ತಿದ್ದಳಲ್ಲೋ! ನನ್ನ ನಾಲಿಗೆಗೆ ಹೆದರಿ ನಿದ್ದೆ ಕೆಟ್ಟಿದೆ ಅವಳಿಗೆ... ನನ್ನಿಂದಲೇ ಕಣೋ. ನಾಲ್ಕು ಜನಕ್ಕೆ ಗೊತ್ತಾದ್ರೆ ಮರ್ಯಾದೆ ಏನಾಗತ್ತೆ ಅಂತ ಬಾಯಿಗೆ ಬೀಗ ಹಾಕ್ಕೊಂಡೆ..."

ಮಗ ತಾಯಿಯ ಮುಖ ನೋಡಲಾರದೆ ಹೊರಗೆ ನಡೆದುಬಿಟ್ಟ. ಅತ್ತೆಯ ಎದೆ ಒಡೆದಂತಾಯಿತು. ಆದರೂ ಅವನನ್ನು ಕರೆಯಲಿಲ್ಲ.

ಡಾಕ್ಟರು ಯಾವ ಮಾತ್ರೆ, ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡರು. ಇಂಜೆಕ್ಷನ್ ಬೇಡವೆಂದು ನೋವಿನ ಮಾತ್ರೆಯೊಂದನ್ನೇ ಕೊಡಿಸಿದರು. "ಆಪರೇಷನ್ ಸ್ವಲ್ಪ ತಡ ಆಗತ್ತೆ. ಅಲ್ಲಿವರೆಗೆ ಭಯಕ್ಕೆ ಏನೂ ಕೊಡೋ ಹಾಗಿಲ್ಲ. ಯಾರಾದ್ರೂ ಹತ್ರ ಕೂತು ಮಾತಾಡಿಸ್ತಾ ಇರಿ."

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಪಾಪ, ಸಮಾಧಾನದ ಮಾತೊಂದು ಈ ಹೆಂಗಸಿಗೆ ಬರಬೇಕಲ್ಲ! "ಕೈ ನೋಡು, ಹೇಗೆ ತಣ್ಣಗಿದೆ! ಪ್ರಾಣ ಹೋಗೋ ಹೊತ್ತಲ್ಲೂ ಬಾಯಿ ಬಿಡೋಕೆ ಏನು ಧಾಡಿ ನಿಂಗೆ? ಬುದ್ಧಿ ಬೇಡ್ವಾ?" ಎನ್ನುತ್ತಲೇ ಆ ಬೆರಳುಗಳನ್ನು ತಮ್ಮ ಅಂಗೈಯಲ್ಲಿಟ್ಟು ತಿಕ್ಕತೊಡಗಿದರು. ಅಷ್ಟರಲ್ಲಿ ಬೈಗುಳ ಅರ್ಧಕ್ಕೇ ನಿಂತಿತು.

"ಬೈತಾ ಇರಿ ಅತ್ತೆ," ಎಂದಳು ಸೊಸೆ, ಕೈ ಬಿಡದೆ. "ನಿಲ್ಲಿಸಿದ್ರೆ ಭಯ ಆಗತ್ತೆ."