ಕಮರಿಗೆ ಇಳಿದ ಚುಕ್ಕೆಗೆರೆ

"ಸುಟ್ಟಿದ್ದೀರಿ! ನಿಮ್ಮ ತಪ್ಪು ಮುಚ್ಚೋಕೆ ಹಳೇ ನಕ್ಷೇನೇ ಸುಟ್ಟಿದ್ದೀರಿ!"

"ಬಾಯಿಗೆ ಬಂದಂಗೆ ಮಾತಾಡ್ಬೇಡಮ್ಮ. ಕಳುವಾಗಿದೆ ಅಂತ ದೂರು ಕೊಡೋಕೆ ಬಂದಿರೋನು ನಾನು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀರಿ?"

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮೇಜು ಕುಟ್ಟಿ ಆಕೆಯನ್ನೂ ನಕ್ಷೆ ಕಚೇರಿಯ ಮುಖ್ಯಸ್ಥರನ್ನೂ ಕೂರಿಸಿದರು.

ಆಕೆಯ ತಮ್ಮ ಅರಣ್ಯ ರಕ್ಷಕನಾಗಿದ್ದ. ಎರಡು ವರ್ಷದ ಹಿಂದೆ ಹೊಸ ನಕ್ಷೆಯ ಕಾಲುದಾರಿ ನಂಬಿ ಕಾಡಿನ ಕಮರಿಗೆ ಇಳಿದ. ಅಲ್ಲಿ ದಾರಿಯೇ ಇರಲಿಲ್ಲ. ಹೆಣ ತರಲು ಹಗ್ಗ ಬಿಡಬೇಕಾಯಿತು. ಆ ದಾರಿ ಹಳೆಯ ನಕ್ಷೆಯಲ್ಲೂ ಇತ್ತೋ ಇಲ್ಲವೋ ನೋಡಲು ನ್ಯಾಯಾಲಯ ಎರಡನ್ನೂ ಕೇಳಿತ್ತು. ಹಳೆಯದು ಮಾಯ. ಮುಖ್ಯಸ್ಥರು ದೂರು ಕೊಟ್ಟರು, ಎಫ್‌ಐಆರ್ ಆಯಿತು. ಆಕೆಯ ಗಂಡ ಅದೇ ಕಚೇರಿಯ ನಕ್ಷೆಗಾರ. ಬೆಂಚಿನ ತುದಿಯಲ್ಲಿ ಕೂತಿದ್ದ.

ಹನ್ನೊಂದಕ್ಕೆ ಕಚೇರಿಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಬೀರುವಿನಲ್ಲಿ ಬಟ್ಟೆ ಅಂಟಿಸಿದ ಹಳೆಯ ಹಾಳೆಗಳು ಒತ್ತೊತ್ತಾಗಿ ನಿಂತಿದ್ದವು. ಕಳುವಾದ ಜಾಗದಲ್ಲಿ ಅಷ್ಟೇ ಅಳತೆಯ ಖಾಲಿ ರಟ್ಟು.

"ಇದ್ಯಾಕೆ?" ಇನ್‌ಸ್ಪೆಕ್ಟರ್ ಕೇಳಿದರು.

"ಜಾಗ ಖಾಲಿ ಬಿಟ್ರೆ ಪಕ್ಕದ ಹಾಳೆ ವಾಲಿ ಮಡಿಕೆ ಬೀಳ್ತದೆ. ಹಾಳೆ ತೆಗೆದವರು ರಟ್ಟು ಇಡೋದು ನಮ್ಮ ರೂಢಿ."

"ಕದಿಯೋನೂ ಇಡ್ತಾನಾ?"

ಮುಖ್ಯಸ್ಥರು ರಟ್ಟು ತಿರುಗಿಸಿ ನೋಡಿದರು. ದನಿ ಇಳಿಯಿತು. "ಪಕ್ಕದ ಹಾಳೆಗೆ ಚುಚ್ಚಬಾರದು ಅಂತ ರಟ್ಟಿನ ಮೂಲೆ ದುಂಡಗೆ ಕತ್ತರಿಸೋನು ನಮ್ಮಲ್ಲಿ ಒಬ್ಬನೇ, ಸಾರ್. ಆಯಮ್ಮನ ಗಂಡ."

ಮನೆಯ ಬಾಗಿಲನ್ನು ಆಕೆಯೇ ದಡಾರನೆ ತೆಗೆದಳು. "ಹುಡುಕ್ರಿ! ಪಾತ್ರೆ ಪಗಡೇನೂ ಬಿಡಬೇಡಿ!"

ಮಂಚದಡಿ, ಹೊದಿಕೆಯಲ್ಲಿ ಸುತ್ತಿದ ನಕ್ಷೆ ಸಿಕ್ಕಿತು.

ಠಾಣೆಯಲ್ಲಿ ಅದನ್ನು ಗಂಡನ ಮುಂದೆ ಹರಡಿದರು.

"ಸುಡೋಕೆ ಹೋದೆ ಸಾರ್. ಕೈ ಬರಲಿಲ್ಲ."

"ದಾರಿ ಎಲ್ಲಿದೆ ಇದರಲ್ಲಿ?"

"ಇಲ್ಲ. ಈ ಚುಕ್ಕೆಗೆರೆ ಕಾಡಿನ ಗಡಿ. ಹೊಸ ನಕ್ಷೇಲಿ ನಾನು ಅದನ್ನ ಕಾಲುದಾರಿ ಅಂತ ಎಳೆದುಬಿಟ್ಟೆ."

"ಎತ್ತರ ತೋರಿಸೋ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಅಂದ್ರೆ ನೆಟ್ಟಗೆ ನಿಂತ ಬಂಡೆ. ಮನುಷ್ಯ ಇಳಿಯೋ ಜಾಗಾನಾ ಇದು?"

"ಕಮರಿ ನೋಡಿದ್ರೆ ತಾನೇ ಸಾರ್. ಮೇಜಿನ ಮೇಲೇ ಬರೆದಿದ್ದು."

ಜೊತೆಗೆ ಬಂದಿದ್ದ ಹೆಂಡತಿ ಅವನನ್ನೇ ನೋಡಿದಳು. "ನಾನು ನಿಮ್ಮ ಸಾಹೇಬ್ರಿಗೆ ಹಿಡಿಶಾಪ ಹಾಕುವಾಗ ನೀವೂ ಹಾಕ್ತಿದ್ರಲ್ರೀ."

"ನಿಜ ಹೇಳಿದ್ರೆ ನನ್ ಜೊತೆ ಇರ್ತಿದ್ಯಾ?"



ನಾಲ್ಕಕ್ಕೆ ಬಂಧನವಾಯಿತು. ಕದ್ದದ್ದು ನೌಕರಿ ಉಳಿಸಿಕೊಳ್ಳಲಲ್ಲ, ಹೆಂಡತಿ ಬಿಟ್ಟುಹೋದಾಳೆಂಬ ಭಯಕ್ಕೆ ಎಂದು ಇನ್‌ಸ್ಪೆಕ್ಟರ್ ಬರೆದರು. ಭಯವೇನೋ ಸರಿಯಾಗಿಯೇ ಇತ್ತು. ಸತ್ತವನ ಅಕ್ಕನ ಪಕ್ಕ ಎರಡು ವರ್ಷ ಮಲಗಿದ್ದಕ್ಕೆ ಕಾಯ್ದೆಯಲ್ಲಿ ಕಲಮು ಇರಲಿಲ್ಲ.

ಅವಳು ಎದ್ದಳು. ಮಹಿಳಾ ಕಾನ್‌ಸ್ಟೇಬಲ್ ಕರೆದಳು, "ಅಕ್ಕಾ, ಹೇಳಿಕೆಗೆ ಸಹಿ ಹಾಕ್ಬೇಕು."

"ಬಂದೆ," ಎಂದು ಮೆಟ್ಟಿಲಿಳಿದಳು.

ಕಾದರು. ಕೊನೆಗೆ ಕಾನ್‌ಸ್ಟೇಬಲ್ ಮನೆಗೇ ಹೋದಳು. ಬಾಗಿಲು ತೆರೆದೇ ಇತ್ತು, ಅವಳೂ ಇರಲಿಲ್ಲ, ಅವಳ ಬಟ್ಟೆಬರೆಯೂ ಇರಲಿಲ್ಲ.